ಲಿಕ್ವಿಡ್ ಕೂಲಿಂಗ್ ಕಂಪ್ಯೂಟರಿನ ಗಾಳಿಯ ದಾರಿ

ಪ್ರೊಸೆಸರಿನಲ್ಲಿ ಹುಟ್ಟುವ ಶಾಖವನ್ನು ದ್ರವದ ಮೇಲೆ ಹೊರಿಸಿ ರೇಡಿಯೇಟರಿಗೆ ಸಾಗಿಸುವ ಮೇಜಿನ ಕಂಪ್ಯೂಟರುಗಳಲ್ಲಿ ಫ್ಯಾನುಗಳನ್ನು ಎಲ್ಲಿ, ಯಾವ ದಿಕ್ಕಿಗೆ, ಎಷ್ಟು ವೇಗಕ್ಕೆ ಕೂರಿಸಬೇಕು ಎಂಬ ವಿಚಾರ. ಪಂಪು, ತಾಮ್ರದ ತಟ್ಟೆ, ಎರಡು ರಬ್ಬರ್ ಕೊಳವೆ, ರೇಡಿಯೇಟರ್ ಎಲ್ಲವೂ ಕಾರ್ಖಾನೆಯಲ್ಲೇ ಜೋಡಣೆಗೊಂಡು, ದ್ರವ ತುಂಬಿ ಮುಚ್ಚಿದ ಸ್ಥಿತಿಯಲ್ಲಿ ಬರುವ ಕೂಲರುಗಳಿಗೆ ಅಂಗಡಿಗಳಲ್ಲಿ ‘ಎಐಒ’ ಎಂಬ ಹೆಸರಿದೆ. ಬಿಡಿಭಾಗ ಕೊಂಡು ತಾವೇ ಕೊಳವೆ ಎಳೆದುಕೊಳ್ಳುವ ಉತ್ಸಾಹಿಗಳೂ ಇದ್ದಾರೆ. ಈ ಲೇಖನ ಮುಖ್ಯವಾಗಿ ಎಐಒ ಬಗ್ಗೆ, ಅದರಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಂಥ ಮಲೆನಾಡಿನ ಮನೆಗಳಲ್ಲಿ ಅದು ನಡೆದುಕೊಳ್ಳುವ ಬಗೆಯ ಬಗ್ಗೆ.

ಮದುವೆಯ ವಿಡಿಯೊ, ಯಕ್ಷಗಾನದ ರೆಕಾರ್ಡಿಂಗ್ ಕತ್ತರಿಸಿ ಜೋಡಿಸುವ ಸ್ಟುಡಿಯೊಗಳು, ಕಟ್ಟಡದ ನಕ್ಷೆ ಬರೆಯುವ ಕಚೇರಿಗಳು, ಆಟದ ಹುಚ್ಚಿನ ಕಾಲೇಜು ಹುಡುಗರು, 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರು ಬಿಟ್ಟು ಬಂದು ತೋಟದ ಮನೆಯ ಮೆತ್ತಿನ ಮೇಲೆ ಕಚೇರಿ ಹೂಡಿದ ಸಾಫ್ಟ್‌ವೇರ್ ನೌಕರರು: ಇಂಥ ಯಂತ್ರ ಈ ಕಡೆಗೆ ಬಂದದ್ದು ಇವರಿಂದ. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ಹುಬ್ಬಳ್ಳಿಯಿಂದಲೋ ಪಾರ್ಸೆಲ್ಲಿನಲ್ಲಿ ಬರುತ್ತದೆ. ಅದರ ಜೊತೆ ಬರುವ ಸೂಚನಾಪತ್ರ ಹವಾನಿಯಂತ್ರಿತ, ಧೂಳಿಲ್ಲದ ಕೋಣೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಈ ಸೀಮೆಯ ಮನ್ಮನೆಯಂಥ ಹಳ್ಳಿಯಲ್ಲಿ ಮಣ್ಣಿನ ಗೋಡೆ, ಹೆಂಚಿನ ಮಾಡು, ಅಂಗಳದಲ್ಲಿ ಹರವಿದ ಅಡಿಕೆ, ಬಚ್ಚಲ ಒಲೆಯ ಹೊಗೆ ಇವುಗಳ ನಡುವೆ ಅದೇ ಯಂತ್ರಕ್ಕೆ ಬೇರೆಯೇ ಲೆಕ್ಕ ಹಾಕಬೇಕಾಗುತ್ತದೆ.

ನೀರಿನ ಪಾಲು, ಗಾಳಿಯ ಪಾಲು

ಮನೆಯ ಹಿರಿಯರು ಈ ಪೆಟ್ಟಿಗೆ ಕಂಡಾಗ ಕೇಳುವ ಮೊದಲ ಪ್ರಶ್ನೆಯೇ ಸರಿಯಾದ ಪ್ರಶ್ನೆ: “ನೀರಲ್ಲೇ ತಂಪಾಗ್ತು ಹೇಳಾದ್ಮೇಲೆ ಈ ಫ್ಯಾನೆಲ್ಲ ಎಂತಕ್ಕೆ?” ನೀರು ಶಾಖವನ್ನು ಇಲ್ಲವಾಗಿಸುವುದಿಲ್ಲ, ಹೊತ್ತು ಸಾಗಿಸುತ್ತದೆ ಅಷ್ಟೆ. ಒಂದು ಕಿಲೊ ನೀರಿನ ಬಿಸಿ ಒಂದು ಡಿಗ್ರಿ ಏರಲು ಸುಮಾರು 4,180 ಜೂಲ್ ಬೇಕು. ಒಂದು ಕಿಲೊ ಗಾಳಿಗೆ ಸುಮಾರು 1,005 ಜೂಲ್ ಸಾಕು. ಗಾತ್ರದ ಲೆಕ್ಕ ಹಿಡಿದರೆ ಅಂತರ ಇನ್ನೂ ದೊಡ್ಡದು, ಒಂದು ಲೀಟರ್ ನೀರು ಹೊರುವ ಶಾಖವನ್ನು ಹೊರಲು ಸುಮಾರು ಮೂರೂವರೆ ಸಾವಿರ ಲೀಟರ್ ಗಾಳಿ ಬೇಕು. ಹೆಬ್ಬೆರಳು ದಪ್ಪದ ಕೊಳವೆಯಲ್ಲಿ ನಿಮಿಷಕ್ಕೆ ಒಂದು ಲೀಟರ್ ದ್ರವ ಹರಿದರೂ 250 ವ್ಯಾಟ್ ಶಾಖ ಹೊತ್ತುಕೊಂಡು ಹೋಗುವಾಗ ಅದರ ಬಿಸಿ ಏರುವುದು ನಾಲ್ಕು ಡಿಗ್ರಿಗಿಂತ ಕಡಿಮೆ. ಹಾಗಾಗಿ ಕಿರಿದಾದ ಜಾಗದಿಂದ ಶಾಖವನ್ನು ಎತ್ತುವುದರಲ್ಲಿ ನೀರಿಗೆ ಸಾಟಿಯಿಲ್ಲ. ಆದರೆ ಎತ್ತಿದ್ದನ್ನು ಇಳಿಸಲು ಕೊನೆಗೂ ಗಾಳಿಯೇ ಬೇಕು, ಮತ್ತು ಆ ಗಾಳಿ ಕೋಣೆಯ ಗಾಳಿಯೇ.

ಇದರಿಂದ ಒಂದು ಕಟ್ಟಳೆ ತಾನಾಗಿ ಹೊರಡುತ್ತದೆ. ಫ್ಯಾನು ಮತ್ತು ರೇಡಿಯೇಟರ್ ಮಾತ್ರ ಇರುವ ವ್ಯವಸ್ಥೆಯಲ್ಲಿ ದ್ರವದ ಬಿಸಿ ಕೋಣೆಯ ಬಿಸಿಗಿಂತ ಕೆಳಗೆ ಇಳಿಯುವಂತಿಲ್ಲ. ಏಪ್ರಿಲಿನ ಮಧ್ಯಾಹ್ನ ಕೋಣೆ 35 ಡಿಗ್ರಿ ಇದ್ದರೆ, ಭಾರದ ಕೆಲಸ ನಡೆದಾಗ ದ್ರವ 45–50ಕ್ಕೆ ಏರುವುದು ಸಹಜ. ದ್ರವ 60 ಡಿಗ್ರಿ ದಾಟಬಾರದೆಂದು ಬಹುಪಾಲು ತಯಾರಕರು ಹೇಳುತ್ತಾರೆ. ಬೇಸಿಗೆಯಲ್ಲಿ ಕೈಯಲ್ಲಿ ಉಳಿಯುವ ಅಂತರ ಹೀಗೆ ಹತ್ತು ಹದಿನೈದು ಡಿಗ್ರಿ. ಆ ಅಂತರ ಉಳಿಸಿಕೊಳ್ಳುವುದೇ ಫ್ಯಾನು ಕೂರಿಸುವವನ ಕೆಲಸ.

ಎಷ್ಟು ಗಾಳಿ ಬೇಕು ಎಂಬುದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. 300 ವ್ಯಾಟ್ ಶಾಖವನ್ನು ಹೊರಹಾಕುವಾಗ ಗಾಳಿಯ ಬಿಸಿ ಹತ್ತು ಡಿಗ್ರಿಗಿಂತ ಹೆಚ್ಚು ಏರಬಾರದು ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 25 ಲೀಟರ್, ಅಂದರೆ ಫ್ಯಾನಿನ ಡಬ್ಬಿಯ ಮೇಲೆ ಬರೆಯುವ ಅಳತೆಯಲ್ಲಿ 53 ಸಿಎಫ್‌ಎಂ, ನಿಮಿಷಕ್ಕೆ 53 ಘನ ಅಡಿ ಬೇಕು. ಪ್ರೊಸೆಸರ್ 200, ಗ್ರಾಫಿಕ್ಸ್ ಕಾರ್ಡ್ 300 ವ್ಯಾಟ್ ಎಳೆಯುವ ಯಂತ್ರಕ್ಕೆ ಇದು 88ರ ಹತ್ತಿರ ಬರುತ್ತದೆ. ಶಿರಸಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 590 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ಕಡಲತಡಿಯದಕ್ಕಿಂತ ನೂರಕ್ಕೆ ಆರೇಳು ಪಾಲು ಕಡಿಮೆ, ಅಂದರೆ ಹತ್ತು ಡಿಗ್ರಿ ಏರಬೇಕಾದಲ್ಲಿ ಹತ್ತೂಮುಕ್ಕಾಲು ಏರೀತು. ತಲೆಕೆಡಿಸಿಕೊಳ್ಳುವಂಥದ್ದಲ್ಲ.

ಹಿನ್ನೆಲೆ

ಕಂಪ್ಯೂಟರಿಗೆ ನೀರು ಕುಡಿಸುವುದು ಹೊಸ ಶೋಕಿಯಲ್ಲ. 1960ರ ದಶಕದ ಐಬಿಎಂ ಮೇನ್‌ಫ್ರೇಮುಗಳಲ್ಲೇ ನೀರಿನ ಕೊಳವೆಗಳಿದ್ದವು. 1985ರ ಕ್ರೇ-2 ಯಂತ್ರದ ಫಲಕಗಳನ್ನು ವಿದ್ಯುತ್ ಹರಿಸದ ಫ್ಲೋರಿನರ್ಟ್ ದ್ರವದಲ್ಲಿ ಮುಳುಗಿಸಿಯೇ ಇಡುತ್ತಿದ್ದರು. ಮೇಜಿನ ಮೇಲಿನ ಯಂತ್ರಕ್ಕೆ ಅದು ಇಳಿದು ಬಂದದ್ದು ತಡವಾಗಿ. ಆಪಲ್ 2004ರಲ್ಲಿ ಪವರ್ ಮ್ಯಾಕ್ ಜಿ5 ಮಾದರಿಯೊಂದನ್ನು ದ್ರವತಂಪಿನೊಂದಿಗೆ ಮಾರಿತು. ಡೆನ್ಮಾರ್ಕಿನ ಅಸೆಟೆಕ್ ತಯಾರಿಸಿ ಕೋರ್ಸೇರ್ ಹೆಸರಿನಲ್ಲಿ 2009ರಲ್ಲಿ ಬಂದ ಎಚ್50 ಮುಚ್ಚಿದ ಕೂಲರನ್ನು ಸಾಮಾನ್ಯ ಗಿರಾಕಿಗೆ ತಲುಪಿಸಿತು.

ಗಾಳಿಯ ದಾರಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆ ಹೊರತಂದಾಗ ಪವರ್ ಸಪ್ಲೈನ ಫ್ಯಾನು ಹೊರಗಿನ ಗಾಳಿಯನ್ನು ಒಳಗೆಳೆದು ಪ್ರೊಸೆಸರಿನ ಮೇಲೆ ಊದಬೇಕೆಂಬ ಎಣಿಕೆಯಿತ್ತು. ಪವರ್ ಸಪ್ಲೈ ತನ್ನದೇ ಬಿಸಿಯನ್ನು ಸೇರಿಸಿ ಊದುತ್ತದೆ ಎಂಬುದು ಬೇಗ ಅರಿವಾಗಿ ದಿಕ್ಕು ತಿರುಗಿತು. ಗಾಳಿಯ ನೇರದಾರಿಗೆಂದೇ ರೂಪಿಸಿದ ಬಿಟಿಎಕ್ಸ್ ಎಂಬ ಇನ್ನೊಂದು ಅಳತೆ ಕೆಲವೇ ವರ್ಷ ಬಾಳಿತು. ಆದ್ದರಿಂದ ಇಂದಿಗೂ ನಾವು ಬಳಸುವ ಕ್ಯಾಬಿನೆಟ್, ನಮ್ಮ ಕಡೆ ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಎನ್ನುವುದು ರೂಢಿ, ಮೂಲದಲ್ಲಿ ಇಷ್ಟು ಬಿಸಿಗೆ ಕಟ್ಟಿದ ಮನೆಯಲ್ಲ. ಆಮೇಲೆ ಕಿಟಕಿ ಕೊರೆಸಿಕೊಂಡ ಮನೆ.

ಕರ್ನಾಟಕದಲ್ಲಿ ನೀರು–ಗಾಳಿಗಳ ಈ ಹಂಚಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಕಾಣಬಹುದಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 2015ರಲ್ಲಿ ಅಲ್ಲಿ ಶುರುವಾದ ಸಹಸ್ರ-ಟಿ ಒಂದು ಕ್ರೇ ಎಕ್ಸ್‌ಸಿ40 ಯಂತ್ರ. ಆ ಸರಣಿಯ ಕಪಾಟುಗಳಲ್ಲಿ ಗಾಳಿ ಮುಂದಿನಿಂದ ಹಿಂದಕ್ಕಲ್ಲ, ಸಾಲಿನ ಉದ್ದಕ್ಕೂ ಅಡ್ಡಲಾಗಿ ಹರಿಯುತ್ತದೆ. ಒಂದು ಕಪಾಟಿನಲ್ಲಿ ಬಿಸಿಯಾದ ಗಾಳಿ ನೀರಿನ ಸುರುಳಿ ದಾಟಿ ತಣಿದು ಮುಂದಿನ ಕಪಾಟಿಗೆ ಹೋಗುತ್ತದೆ. ಅದೇ ಸಂಸ್ಥೆಗೆ 2022ರಲ್ಲಿ ಬಂದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗದಲ್ಲಿ ದ್ರವ ನೇರವಾಗಿ ಚಿಪ್ಪಿನ ಮೇಲಿನ ತಟ್ಟೆಗೇ ಬರುತ್ತದೆ. ಮನೆಯ ಎಐಒ ಈ ಎರಡನೆಯದರ ಬಡ ನೆಂಟ: ತಟ್ಟೆಯ ಮೇಲೆ ನೀರು ಉಂಟು, ಆದರೆ ಆ ನೀರನ್ನು ತಣಿಸಲು ಕಟ್ಟಡದ ಹೊರಗೊಂದು ಸ್ಥಾವರವಿಲ್ಲ. ಎಲ್ಲವೂ ಅದೇ ಕೋಣೆಯಲ್ಲಿ ಆಗಬೇಕು.

ಫ್ಯಾನು ಮತ್ತು ರೇಡಿಯೇಟರ್

ರೇಡಿಯೇಟರುಗಳನ್ನು ಫ್ಯಾನಿನ ಅಳತೆಯಲ್ಲೇ ಕರೆಯುತ್ತಾರೆ. 120 ಮಿ.ಮೀ. ಫ್ಯಾನು ಎರಡು ಹಿಡಿದರೆ 240, ಮೂರು ಹಿಡಿದರೆ 360. 140ರ ಫ್ಯಾನಾದರೆ 280, 420. ಸಾಮಾನ್ಯ ಎಐಒ ರೇಡಿಯೇಟರ್ 27 ಮಿ.ಮೀ. ದಪ್ಪ, ಫ್ಯಾನು 25 ಮಿ.ಮೀ. ಎರಡೂ ಸೇರಿ 52. ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ ಇಷ್ಟು ಜಾಗ ಬಿಟ್ಟು ಎತ್ತರದ ರ್‍ಯಾಮಿಗೆ ತಾಗದಂತೆ ಕೂರುತ್ತದೋ ಇಲ್ಲವೋ ಎಂದು ಕೊಳ್ಳುವ ಮೊದಲೇ ಟೇಪು ಹಿಡಿದು ನೋಡಬೇಕು. ಪಾರ್ಸೆಲ್ಲಿನಲ್ಲಿ ತರಿಸಿದ್ದನ್ನು ಹಿಂದಕ್ಕೆ ಕಳಿಸುವ ಪಾಡು ದೂರದೂರಿನವರಿಗೆ ಗೊತ್ತೇ ಇದೆ.

ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತವೆ. ಒಂದು ಎಷ್ಟು ಗಾಳಿ ಎಂಬುದು, ಇನ್ನೊಂದು ಸ್ಟ್ಯಾಟಿಕ್ ಪ್ರೆಷರ್, ಅಂದರೆ ಅಡ್ಡಿ ಬಂದಾಗ ಎಷ್ಟು ಒತ್ತಿ ನೂಕಬಲ್ಲದು ಎಂಬುದು. ಎರಡನೆಯದನ್ನು ನೀರಿನ ಮಟ್ಟದ ಮಿ.ಮೀ.ನಲ್ಲಿ ಹೇಳುತ್ತಾರೆ. ಅಗ್ಗದ ಬೆಲೆಗೆ ಹೆಸರಾದ ಆರ್ಕ್ಟಿಕ್ ಪಿ12 ನಿಮಿಷಕ್ಕೆ 1,800 ಸುತ್ತಿನಲ್ಲಿ 56.3 ಸಿಎಫ್‌ಎಂ, 2.2 ಮಿ.ಮೀ. ಎಂದು ಘೋಷಿಸಿಕೊಂಡಿದೆ. ದುಬಾರಿ ನಾಕ್ಟುವಾ ಎನ್‌ಎಫ್-ಎ12x25 ಫ್ಯಾನು 2,000 ಸುತ್ತಿನಲ್ಲಿ 2.34 ಮಿ.ಮೀ. ಎನ್ನುತ್ತದೆ. ಮೊದಲ ಅಂಕಿ ಬಯಲಿನಲ್ಲಿ ಸಿಗುವ ಗಾಳಿಯದು, ಎರಡನೆಯದು ದಾರಿ ಪೂರ್ತಿ ಮುಚ್ಚಿದಾಗಿನದು. ಎರಡೂ ಒಟ್ಟಿಗೆ ಎಂದೂ ಸಿಗವು. ಒತ್ತೊತ್ತಾಗಿ ಹೆಣೆದ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ನುಗ್ಗಬೇಕಾದಾಗ ಬಯಲಿನ ಅಂಕಿಯ ಅರ್ಧ ಸಿಕ್ಕರೂ ಪುಣ್ಯ. ಆದ್ದರಿಂದ ರೇಡಿಯೇಟರಿಗೆ ಅಗಲ ರೆಕ್ಕೆಯ, ಒತ್ತುವ ಫ್ಯಾನನ್ನೇ ಕೊಳ್ಳಬೇಕು. ಬರೇ ಜಾಲರಿಯ ಹಿಂದೆ ಕೂರುವ ಫ್ಯಾನಿನಲ್ಲಿ ಈ ಹಟ ಬೇಡ.

ಫ್ಯಾನನ್ನು ರೇಡಿಯೇಟರಿನ ಮುಂದಿಟ್ಟು ನೂಕಿಸಬಹುದು, ಹಿಂದಿಟ್ಟು ಎಳೆಸಬಹುದು, ಎರಡೂ ಕಡೆ ಇಟ್ಟು ನೂಕಿ ಎಳೆಸಬಹುದು. ಮೂರನೆಯದು 45–60 ಮಿ.ಮೀ. ದಪ್ಪದ ರೇಡಿಯೇಟರಿಗೆ ಸರಿ. ತೆಳ್ಳನೆಯದಕ್ಕೆ ಅದು ಖರ್ಚು ಹೆಚ್ಚು, ಲಾಭ ಒಂದೆರಡು ಡಿಗ್ರಿ. ಎಳೆಯುವ ಜೋಡಣೆಯಲ್ಲಿ ಬೇರೆಯೇ ಒಂದು ಅನುಕೂಲವಿದೆ. ಧೂಳು ರೇಡಿಯೇಟರಿನ ಬಯಲುಮುಖದ ಮೇಲೆ ಕೂರುವುದರಿಂದ ಫ್ಯಾನು ಬಿಚ್ಚದೆಯೇ ಬ್ರಷ್ಷಿನಿಂದ ಒರೆಸಬಹುದು. ನೂಕುವ ಜೋಡಣೆಯಲ್ಲಿ ಧೂಳು ಫ್ಯಾನು ಮತ್ತು ರೇಡಿಯೇಟರಿನ ನಡುವೆ, ಕಣ್ಣಿಗೆ ಬೀಳದ ಕಡೆ ಕೂರುತ್ತದೆ. ಅಡಿಕೆ ಸುಲಿಯುವ ಮನೆಯೊಂದರ ಯಂತ್ರವನ್ನು ಎರಡು ವರ್ಷದ ಮೇಲೆ ಬಿಚ್ಚಿದ್ದನ್ನು ಈ ಲೇಖಕ ನೋಡಿದ್ದಾನೆ. ಹೊರಗಿನಿಂದ ಫ್ಯಾನಿನ ರೆಕ್ಕೆಗಳು ಪಳಪಳ. ನಾಲ್ಕು ತಿರುಪು ತೆಗೆದು ಫ್ಯಾನನ್ನು ಎತ್ತಿದರೆ ಕೆಳಗೆ ಬೂದುಬಣ್ಣದ ಕಂಬಳಿ ತುಂಡು! ಚೌಕಾಕಾರದಲ್ಲಿ, ಹರಿಯದೆ, ಹಿಡಿದೆತ್ತಿದರೆ ಹಾಗೆಯೇ ಎದ್ದುಬಂತು. ಪಂಪು ಕೆಟ್ಟಿದೆಯೆಂದು ಹೊಸ ಕೂಲರಿಗೆ ದುಡ್ಡು ಎಣಿಸಿಟ್ಟುಕೊಂಡಿದ್ದರು.

ಫ್ಯಾನಿನ ದಿಕ್ಕು ತಿಳಿಯಲು ಚೌಕಟ್ಟಿನ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ. ಗುರುತಿಲ್ಲದಿದ್ದರೆ ಮೋಟಾರನ್ನು ಹಿಡಿದಿರುವ ಕಡ್ಡಿಗಳ ಕಡೆಯಿಂದ ಗಾಳಿ ಹೊರಡುತ್ತದೆ ಎಂದು ತಿಳಿದರೆ ಸಾಕು. ಗಾಜಿನ ಪೆಟ್ಟಿಗೆಗಳಿಗೆಂದು ಉಲ್ಟಾ ರೆಕ್ಕೆಯ ಫ್ಯಾನುಗಳೂ ಈಗ ಬಂದಿವೆ. ಚಂದದ ಮುಖ ಹೊರಗೆ ಕಾಣಲಿ ಎಂದು ಮಾಡಿದವು. ಇವುಗಳಲ್ಲಿ ಕಡ್ಡಿಯ ಸೂತ್ರ ನಡೆಯುವುದಿಲ್ಲ, ಬಾಣವನ್ನೇ ನಂಬಬೇಕು.

ಮುಂದೆಯೋ, ಮೇಲೆಯೋ

ರೇಡಿಯೇಟರನ್ನು ಮುಂಭಾಗದಲ್ಲಿ ಒಳಗೆಳೆಯುವಂತೆ ಇಟ್ಟರೆ ಅದಕ್ಕೆ ಕೋಣೆಯ ತಣ್ಣನೆ ಗಾಳಿ ನೇರ ಸಿಗುತ್ತದೆ, ಪ್ರೊಸೆಸರ್ ಕೆಲವು ಡಿಗ್ರಿ ತಂಪಾಗಿರುತ್ತದೆ. ಆದರೆ ಬಿಸಿಯಾದ ಆ ಗಾಳಿ ಗ್ರಾಫಿಕ್ಸ್ ಕಾರ್ಡಿನ ಪಾಲಾಗುತ್ತದೆ. ಮೇಲ್ಭಾಗದಲ್ಲಿ ಹೊರಹಾಕುವಂತೆ ಇಟ್ಟರೆ ಕಾರ್ಡಿಗೆ ತಣ್ಣನೆ ಗಾಳಿ, ಪ್ರೊಸೆಸರಿಗೆ ಕಾರ್ಡು ಉಂಡುಬಿಟ್ಟ ಗಾಳಿ. ಇದರ ತೀರ್ಪು ಕೆಲಸದ ಮೇಲೆ ನಿಂತಿದೆ. ಆಟ ಮತ್ತು ವಿಡಿಯೊ ಕೆಲಸದಲ್ಲಿ ಕಾರ್ಡೇ ದೊಡ್ಡ ಒಲೆ. ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಒಂದೇ 450 ವ್ಯಾಟಿನದು. ಇಂಟೆಲ್ಲಿನ 13900ಕೆ ಪ್ರೊಸೆಸರ್ ಪೂರ್ತಿ ಓಡಿದಾಗಿನ ಅಂಕಿ 253 ವ್ಯಾಟ್. ದೊಡ್ಡ ಒಲೆಗೆ ಮೊದಲು ಗಾಳಿ ಕೊಡುವುದು ನ್ಯಾಯ. ಆದ್ದರಿಂದ ಸಾಮಾನ್ಯ ಮನೆಗೆ ಮುಂದೆ ಮೂರು ಫ್ಯಾನು ಒಳಕ್ಕೆ, ಮೇಲೆ ರೇಡಿಯೇಟರ್ ಹೊರಕ್ಕೆ, ಹಿಂದೆ ಒಂದು ನಿಧಾನದ ಫ್ಯಾನು ಹೊರಕ್ಕೆ ಎಂಬ ಹಳೆಯ ಜೋಡಣೆಯೇ ಸಾಕು. ಒಂದು ಎಚ್ಚರ: ಮುಂದಿನ ಮೇಲ್ತುದಿಯ ಫ್ಯಾನು ತಂದ ಗಾಳಿಯನ್ನು ಮೇಲಿನ ಮೊದಲ ಫ್ಯಾನು ಅಲ್ಲಿಂದಲೇ ಎತ್ತಿಕೊಂಡು ಹೊರಗೆ ಎಸೆಯುತ್ತದೆ. ಅದು ಕಾರ್ಡಿನ ಮುಖ ಕಾಣುವುದೇ ಇಲ್ಲ. ಮುಂದಿನ ಕೆಳಗಿನ ಎರಡು ಫ್ಯಾನನ್ನು ತುಸು ಜೋರಾಗಿ ಓಡಿಸುವುದು ಇದಕ್ಕೆ ಉಪಾಯ.

ಬಿಸಿಗಾಳಿ ಮೇಲೇರುತ್ತದೆ, ಹಾಗಾಗಿ ಮೇಲೆಯೇ ಹೊರಹಾಕಬೇಕು ಎಂಬ ವಾದ ಎಲ್ಲರ ಬಾಯಲ್ಲೂ ಇದೆ. ಹೊಗೆಯಟ್ಟದ ಮನೆಯವರಿಗಂತೂ ಅದು ಪ್ರತ್ಯಕ್ಷ. ಆದರೆ ಅಡುಗೆಮನೆಯ ಒಲೆಗೂ ಮಾಡಿಗೂ ಹತ್ತು ಹದಿನೈದು ಅಡಿ ಎತ್ತರ, ಕ್ಯಾಬಿನೆಟ್ಟಿಗೆ ಅರ್ಧ ಮೀಟರು. ಹತ್ತು ಡಿಗ್ರಿ ವ್ಯತ್ಯಾಸದಲ್ಲಿ ಅಷ್ಟು ಎತ್ತರ ಹುಟ್ಟಿಸುವ ಎಳೆತ ನೀರಿನ ಮಟ್ಟದಲ್ಲಿ 0.02 ಮಿ.ಮೀ. ಫ್ಯಾನಿನ 2.2ರ ಮುಂದೆ ಅದು ನೂರರಲ್ಲಿ ಒಂದು ಪಾಲು. ರೇಡಿಯೇಟರನ್ನು ಮೇಲಿಡಲು ನಿಜವಾದ ಕಾರಣ ಬೇರೆ, ಗುಳ್ಳೆ. ಕೊಳವೆಯೊಳಗೆ ಯಾವಾಗಲೂ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಅದು ಅತಿ ಎತ್ತರದ ಜಾಗಕ್ಕೆ ಹೋಗಿ ಸೇರುತ್ತದೆ. ಆ ಜಾಗ ಪಂಪು ಆಗಬಾರದು. ಮೇಲಿನ ರೇಡಿಯೇಟರಿನಲ್ಲಿ ಗುಳ್ಳೆ ಅಲ್ಲಿಯೇ ಅಡಗಿ ಕೂರುತ್ತದೆ. ಮುಂದೆ ನಿಲ್ಲಿಸಿದರೆ ಅದರ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಬೇಕು, ಕೊಳವೆಗಳು ಕೆಳಗಿನಿಂದ ಬಂದರೆ ಇನ್ನೂ ಒಳ್ಳೆಯದು. ಪೆಟ್ಟಿಗೆಯ ತಳದಲ್ಲಿ ಮಲಗಿಸಿದರೆ ಪಂಪೇ ಗುಡ್ಡದ ನೆತ್ತಿಯಾಗುತ್ತದೆ. ಬೆಟ್ಟದಿಂದ ಇಳಿಯುವ ಅಬ್ಬಿಯ ನೀರಿನ ಪೈಪಿನಲ್ಲಿ ಗಾಳಿ ಕಟ್ಟಿಕೊಂಡು ನೀರು ನಿಂತಾಗ ಬೆಟ್ಟ ಹತ್ತಿ ಬಿಡಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಒಳಗಿನ ಒತ್ತಡ ಮತ್ತು ಧೂಳು

ಒಳಗೆ ಬರುವ ಗಾಳಿ ಹೋಗುವುದಕ್ಕಿಂತ ಹೆಚ್ಚಿದ್ದರೆ ಪೆಟ್ಟಿಗೆಯ ಸಂದುಗಳಿಂದ ಗಾಳಿ ಹೊರಸೂಸುತ್ತದೆ. ಕಡಿಮೆಯಿದ್ದರೆ ಅದೇ ಸಂದುಗಳಿಂದ ಒಳನುಗ್ಗುತ್ತದೆ, ಜೊತೆಗೆ ಜಾಲರಿಯ ಸೋಸುವಿಕೆಗೆ ಸಿಕ್ಕದ ಧೂಳೂ ಬರುತ್ತದೆ. ಬಿಸಿಯ ದೃಷ್ಟಿಯಿಂದ ಎರಡರ ನಡುವೆ ಹೇಳಿಕೊಳ್ಳುವ ಅಂತರವಿಲ್ಲ. ಧೂಳಿನ ದೃಷ್ಟಿಯಿಂದ ಈ ಸೀಮೆಯಲ್ಲಿ ಮೊದಲನೆಯದೇ ಸರಿ. ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಯುವ ಯಂತ್ರ ಓಡುವ ದಿನಗಳಲ್ಲಿ ಸಿಪ್ಪೆಯ ನವುರು ನಾರು ಮನೆಯೆಲ್ಲ ಹಾರಾಡುತ್ತದೆ. ಬೇಸಿಗೆಯಲ್ಲಿ ಕೆಮ್ಮಣ್ಣಿನ ರಸ್ತೆ, ಮುಚ್ಚಿಗೆಯಿಲ್ಲದ ಕೋಣೆಯಾದರೆ ಹೆಂಚಿನಿಂದ ಉದುರುವ ಮಸಿ. ಇವುಗಳ ಮೇಲೆ ಒಗ್ಗರಣೆಯ ಜಿಡ್ಡು, ಬಚ್ಚಲ ಹೊಗೆ ಕೂತರೆ ಧೂಳು ಊದಿದರೆ ಹೋಗದ ಅಂಟಾಗುತ್ತದೆ.

ಒಳಗಿನ ಒತ್ತಡ ಯಾವ ಕಡೆಗಿದೆ ಎಂದು ಫ್ಯಾನು ಎಣಿಸಿ ಹೇಳಲಾಗದು. ಮುಂದೆ ಮೂರು, ಹೊರಕ್ಕೆ ನಾಲ್ಕು ಇದ್ದರೂ ಹೊರಗಿನವುಗಳಲ್ಲಿ ಮೂರು ರೇಡಿಯೇಟರಿನ ಅಡ್ಡಿ ದಾಟಬೇಕು. ಮುಂದಿನವುಗಳಿಗೆ ಜಾಲರಿ, ಅದರ ಮೇಲೆ ಧೂಳು. ಇದಕ್ಕೆ ದೇವರ ಮನೆಯ ಊದಬತ್ತಿಗಿಂತ ಒಳ್ಳೆಯ ಉಪಕರಣವಿಲ್ಲ. ಮನೆಯ ಫ್ಯಾನು ಆರಿಸಿ, ಕಂಪ್ಯೂಟರಿನ ಫ್ಯಾನುಗಳನ್ನು ದಿನನಿತ್ಯದ ವೇಗದಲ್ಲಿ ಬಿಟ್ಟು, ಹೊತ್ತಿಸಿದ ಕಡ್ಡಿಯನ್ನು ಪೆಟ್ಟಿಗೆಯ ಹಿಂಬದಿಯಲ್ಲಿ ಕಾರ್ಡುಗಳ ಪಟ್ಟಿಯ ಸಂದಿನ ಹತ್ತಿರ ಹಿಡಿಯಬೇಕು. ಹೊಗೆಯ ಎಳೆ ಒಳಕ್ಕೆ ಬಾಗಿದರೆ ಹಿಂದಿನ ಫ್ಯಾನಿನ ವೇಗ ಇಳಿಸಬೇಕು. ಹೊರಕ್ಕೆ ತೊನೆದರೆ ಸರಿಯಾಗಿದೆ ಎಂದರ್ಥ. ಒಂದೇ ಎಚ್ಚರ, ಬೂದಿ ಉದುರುವಷ್ಟು ಹತ್ತಿರ ಹೋಗಬಾರದು, ಮತ್ತು ಹೊಗೆಯನ್ನು ಮುಂದಿನ ಫ್ಯಾನಿಗೆ ಕುಡಿಸಬಾರದು.

ಧೂಳು ತೆಗೆಯುವಾಗ ಕರೆಂಟು ತಪ್ಪಿಸಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಊದಬೇಕು. ಬ್ಲೋಅರಿನ ರಭಸಕ್ಕೆ ರೆಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಸವೆಯುವುದಲ್ಲದೆ, ಮೋಟಾರು ತಾನೇ ಡೈನಮೊ ಆಗಿ ಮದರ್‌ಬೋರ್ಡಿಗೆ ವಿದ್ಯುತ್ ಕಳಿಸೀತು. ಅಂಗಳಕ್ಕೆ ಒಯ್ದು, ಗಾಳಿ ಬರುವ ದಿಕ್ಕಿಗೆ ಬೆನ್ನು ಹಾಕಿ ಊದುವುದು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಒಮ್ಮೆ ತಪ್ಪಿದರೆ ಸಾಕು.

ವೇಗದ ಹೊಂದಿಕೆ

ಫ್ಯಾನಿನ ವೇಗ ಇಮ್ಮಡಿಯಾದರೆ ಗಾಳಿ ಇಮ್ಮಡಿ, ಒತ್ತಡ ನಾಲ್ಕು ಪಟ್ಟು, ತಿನ್ನುವ ವಿದ್ಯುತ್ ಎಂಟು ಪಟ್ಟು, ಸದ್ದು ಸುಮಾರು 15 ಡೆಸಿಬೆಲ್ ಹೆಚ್ಚು. ರಾತ್ರಿ ಜೀರುಂಡೆಯ ಸದ್ದಷ್ಟೇ ಇರುವ ಊರಿನಲ್ಲಿ ಒಂದು ಫ್ಯಾನು ಕಿರುಚುವುದಕ್ಕಿಂತ ಮೂರು ಫ್ಯಾನು ಮೆಲ್ಲಗೆ ತಿರುಗುವುದು ಎಲ್ಲ ಬಗೆಯಿಂದಲೂ ಮೇಲು.

ನಾಲ್ಕು ಪಿನ್ನಿನ ಫ್ಯಾನುಗಳಿಗೆ 12 ವೋಲ್ಟ್ ಸದಾ ಬರುತ್ತಿರುತ್ತದೆ. ಸೆಕೆಂಡಿಗೆ 25,000 ಸಲ ಮಿಡಿಯುವ ಬೇರೊಂದು ಸಂಕೇತ ವೇಗವನ್ನು ನಿರ್ಧರಿಸುತ್ತದೆ. ಪಂಪಿನ ತಂತಿಯನ್ನು ಪಂಪಿಗೆಂದೇ ಬರೆದಿರುವ ಪಿನ್ನಿಗೆ ಸಿಕ್ಕಿಸಿ ಪೂರ್ತಿ ವೇಗಕ್ಕೆ ಬಿಡಬೇಕು. ಬೇರೆ ಬಗೆಯಲ್ಲಿ ಮಾಡಬೇಕೆಂದು ಕೂಲರಿನ ಸೂಚನಾಪತ್ರವೇ ಹೇಳಿದರೆ ಅದರ ಮಾತು ಕೇಳಬೇಕು. ರೇಡಿಯೇಟರಿನ ಫ್ಯಾನುಗಳನ್ನು ದ್ರವದ ಬಿಸಿಗೆ ತಕ್ಕಂತೆ ಓಡಿಸುವುದು ಉತ್ತಮ. ಏಕೆಂದರೆ ಪ್ರೊಸೆಸರಿನ ಬಿಸಿ ಒಂದು ಕಡತ ತೆರೆದರೂ ಕ್ಷಣದಲ್ಲಿ ಇಪ್ಪತ್ತು ಮೂವತ್ತು ಡಿಗ್ರಿ ಜಿಗಿದು ಇಳಿಯುತ್ತದೆ. ಫ್ಯಾನು ಅದನ್ನು ಹಿಂಬಾಲಿಸಿದರೆ ಅಳುವ ಮಗುವಿನಂತೆ ಏರಿಳಿಯುತ್ತಲೇ ಇರುತ್ತದೆ. ದ್ರವ ಹಾಗಲ್ಲ, ನಿಧಾನಕ್ಕೆ ಬಿಸಿಯಾಗಿ ನಿಧಾನಕ್ಕೆ ಆರುತ್ತದೆ. ದ್ರವದ ಬಿಸಿ ಅಳೆಯುವ ಅನುಕೂಲ ಇಲ್ಲದ ಅಗ್ಗದ ಕೂಲರಾದರೆ ಬಯಾಸಿನಲ್ಲಿ ಫ್ಯಾನಿನ ಪ್ರತಿಕ್ರಿಯೆಯನ್ನು ಕೆಲವು ಸೆಕೆಂಡು ತಡವಾಗಿಸುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ, ಅದನ್ನು ಬಳಸಬೇಕು.

ಗುಡುಗು ಬಂದು ಕರೆಂಟು ಹೋದರೆ ಪಂಪು ನಿಂತು ಪ್ರೊಸೆಸರ್ ಸುಟ್ಟೀತೇ ಎಂಬ ಭಯ ಹಲವರಿಗಿದೆ. ಪಂಪಿನ ಜೊತೆ ಒಲೆಯೂ ಆರುತ್ತದೆ, ಭಯವಿಲ್ಲ. ಪಂಪು ಮಾತ್ರ ಕೆಟ್ಟು ನಿಂತರೂ ಇಂದಿನ ಪ್ರೊಸೆಸರುಗಳು 95–100 ಡಿಗ್ರಿಗೆ ತಾವಾಗಿ ವೇಗ ತಗ್ಗಿಸಿ, ಆಗದಿದ್ದರೆ ಯಂತ್ರವನ್ನೇ ಆರಿಸುತ್ತವೆ. ಸುಡುವುದು ಕಾಸಷ್ಟೆ.

ಕೋಣೆ ಮತ್ತು ಮಳೆಗಾಲ

ಪೆಟ್ಟಿಗೆಯೊಳಗಿನ ದಾರಿ ಎಷ್ಟೇ ಚೊಕ್ಕವಿದ್ದರೂ ಬಿಸಿ ಬಂದು ಬೀಳುವುದು ಕೋಣೆಗೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಕೋಣೆಯಲ್ಲಿ ಇರುವುದು ಸುಮಾರು 30 ಕಿಲೊ ಗಾಳಿ. 400 ವ್ಯಾಟಿನ ಯಂತ್ರ, ಗೋಡೆ–ನೆಲಗಳು ಏನನ್ನೂ ಹೀರದೆ ಇದ್ದರೆ, ಒಂದೂಕಾಲು ನಿಮಿಷಕ್ಕೆ ಒಂದು ಡಿಗ್ರಿ ಏರಿಸಬಲ್ಲದು. ಪುಣ್ಯಕ್ಕೆ ಗೋಡೆ ಹೀರುತ್ತದೆ. ದಪ್ಪ ಮಣ್ಣಿನ ಗೋಡೆ, ಸಂದುಬಿಟ್ಟ ಹೆಂಚಿನ ಮಾಡು ಇರುವ ಹಳೆಯ ಮನೆ ಈ ವಿಷಯದಲ್ಲಿ ಹೊಸ ತಾರಸಿ ಮನೆಗಿಂತ ಬಹಳ ಉದಾರಿ. ತಾರಸಿ ಹಗಲು ಕುಡಿದ ಬಿಸಿಲನ್ನು ಸಂಜೆ ಕೋಣೆಗೇ ಕಾರುತ್ತದೆ. ಕಿಟಕಿಗೆ ಒಂದು ಎಕ್ಸಾಸ್ಟ್ ಫ್ಯಾನು ಹಾಕಿಸುವ ಖರ್ಚು ಕ್ಯಾಬಿನೆಟ್ಟಿಗೆ ಇನ್ನೆರಡು ಬಣ್ಣದ ಫ್ಯಾನು ಸೇರಿಸುವ ಖರ್ಚಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಯಂತ್ರವನ್ನು ಮೇಜಿನ ಕಪಾಟಿನೊಳಗೆ ತೂರಿಸಿ ಬಾಗಿಲು ಹಾಕುವವರಿಗೆ ಮಾತ್ರ ಯಾವ ಫ್ಯಾನೂ ನೆರವಾಗದು.

ಜೂನ್ ಬಂದರೆ ತೊಂದರೆಯ ಜಾತಿಯೇ ಬದಲಾಗುತ್ತದೆ. ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು. ಆದರೂ ರೇಡಿಯೇಟರ್ ಬೆವರುವುದಿಲ್ಲ. ಬೆವರಬೇಕಾದರೆ ಅದು ಕೋಣೆಗಿಂತ ತಣ್ಣಗಿರಬೇಕು, ಹಾಗಿರಲು ಅದಕ್ಕೆ ಸಾಧ್ಯವಿಲ್ಲ ಎಂಬುದನ್ನು ಮೇಲೆ ಕಂಡಿದ್ದೇವೆ. ಏಸಿ ಕೋಣೆಯಲ್ಲಿ ತಣ್ಣಗಾದ ಯಂತ್ರಕ್ಕೆ ಥಟ್ಟನೆ ಹೊರಗಿನ ಹಸಿಗಾಳಿ ಬಿಟ್ಟರೆ ಮಾತ್ರ ಹನಿ ಕಟ್ಟುತ್ತದೆ. ಓಡುತ್ತಿರುವ ಯಂತ್ರ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ವಾರಗಟ್ಟಲೆ ಆರಿಸಿಟ್ಟದ್ದಕ್ಕೆ ಅಪಾಯ. ಫೋಟೊ ತೆಗೆಯುವವರು ಕ್ಯಾಮೆರಾ ಇಟ್ಟ ಕಪಾಟಿನಲ್ಲಿ ಬಲ್ಬು ಹೊತ್ತಿಸಿಡುವುದು ಇದೇ ಲೆಕ್ಕದಲ್ಲಿ. ಆಷಾಢದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಯಂತ್ರ ಓಡಿಸುವುದು ಒಳ್ಳೆಯದು. ಇನ್ನೊಂದು ಕಾಟ ಮೊದಲ ಮಳೆಯ ಸಂಜೆ ಏಳುವ ಹಾತೆಗಳದ್ದು. ಬಣ್ಣದ ದೀಪದ ಫ್ಯಾನು ಅವಕ್ಕೆ ಹಬ್ಬ. ಮರುದಿನ ಜಾಲರಿಯ ಮೇಲೆ ಉದುರಿದ ರೆಕ್ಕೆಗಳ ಪರದೆ. ಆ ಒಂದೆರಡು ವಾರ ದೀಪ ಆರಿಸುವ ಸೌಕರ್ಯ ಬಹುಪಾಲು ಯಂತ್ರಗಳಲ್ಲಿ ಇದೆ.

ಮುಚ್ಚಿದ ಕೂಲರಿನ ದ್ರವ ರಬ್ಬರ್ ಕೊಳವೆಯ ಮೂಲಕ ವರ್ಷವರ್ಷಕ್ಕೂ ತುಸು ಆರಿಹೋಗುತ್ತದೆ. ಐದಾರು ವರ್ಷದ ಹೊತ್ತಿಗೆ ಗುಳುಗುಳು ಸದ್ದು ಕೇಳಿ, ಫ್ಯಾನು ಪೂರ್ತಿ ಓಡಿದರೂ ಬಿಸಿ ಇಳಿಯದಿದ್ದರೆ ಕಾಲ ಮುಗಿಯಿತೆಂದು ತಿಳಿಯಬೇಕು. ಮರುಭರ್ತಿಗೆ ಬಿರಡೆ ಇರುವ ಮಾದರಿಗಳಲ್ಲಿ ಅಬ್ಬಿಯ ನೀರು ಹೊಯ್ಯುವ ಆಸೆ ಬೇಡ. ಕುಡಿಯಲು ಅದು ಅಮೃತವಾದರೂ ಅದರಲ್ಲಿ ಕರಗಿದ ಲವಣವಿದೆ. ತಟ್ಟೆ ತಾಮ್ರ, ರೇಡಿಯೇಟರ್ ಅಲ್ಯೂಮಿನಿಯಂ. ತುಕ್ಕು ತಡೆಯುವ ಮದ್ದಿಲ್ಲದ ನೀರಿನಲ್ಲಿ ಈ ಎರಡು ಲೋಹ ಜೊತೆಯಾದರೆ ಅಲ್ಯೂಮಿನಿಯಂ ತೂತು ಬೀಳುತ್ತದೆ, ತೂತು ಬೀಳುವುದು ಕಾರ್ಡಿನ ನೆತ್ತಿಯ ಮೇಲೆ.